ಅಜ್ಜನ ಜೀಪಿಗೆ ಪಿಕಪ್‌ನ ಚಾಸಿ ಕೂರಿಸಬಹುದೇ?

ಪ್ರಶ್ನೆ: ನಮ್ಮದು ಕಾಪು ಹತ್ತಿರ ಮನೆ. ಅಜ್ಜನ ಕಾಲದ 1972ರ ಮಹೀಂದ್ರ ಸಿಜೆ-3ಬಿ ಜೀಪ್ ಇದೆ. ಆರ್‌ಸಿ ಚಾಲ್ತಿಯಲ್ಲಿದೆ. ಬಾಡಿ ಪರವಾಗಿಲ್ಲ, ಚಾಸಿಗೆ (ಬಾಡಿ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ) ಮಾತ್ರ ತುಕ್ಕು ಹಿಡಿದಿದೆ. ಸ್ಟೇರಿಂಗ್ ತುಂಬಾ ಭಾರ. ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಮಂಗಳೂರಿನ ಒಂದು ಗುಜರಿಯಲ್ಲಿ ಆಕ್ಸಿಡೆಂಟ್ ಆದ ಸಣ್ಣ ಪಿಕಪ್‌ನ ಚಾಸಿ ನೋಡಿ ಬಂದೆ. ಪವರ್ ಸ್ಟೇರಿಂಗ್ ಇದೆ, ಮುಂದೆ ಡಿಸ್ಕ್ ಬ್ರೇಕ್ ಇದೆ. ವೀಲ್‌ಬೇಸ್, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ, ಅಳೆದಾಗ 3 ಮೀಟರ್‌ಗೆ ಸ್ವಲ್ಪ ಕಮ್ಮಿ ಬಂತು. ಅಮೆರಿಕದಲ್ಲಿ ಎಸ್-10 ಪಿಕಪ್‌ನ ಚಾಸಿ ಮೇಲೆ ಹಳೆ ಗಾಡಿಗಳ ಬಾಡಿ ಕೂರಿಸುವುದನ್ನು ವಿಡಿಯೋದಲ್ಲಿ ನೋಡಿದ್ದೇನೆ. ನಮ್ಮ ಜೀಪಿಗೂ ಹಾಗೆ ಮಾಡಬಹುದೇ? ‘ಹಳೆ ಚಾಸಿಯ ನಂಬರ್ ಇರುವ ತುಂಡು ಕತ್ತರಿಸಿ ಹೊಸದಕ್ಕೆ ವೆಲ್ಡ್ ಮಾಡಿದರಾಯ್ತು, ಆರ್‌ಟಿಒದವರಿಗೆ ಗೊತ್ತಾಗುವುದಿಲ್ಲ’ ಅಂತ ಒಬ್ಬರು ಹೇಳಿದರು. ರಸ್ತೆಗೆ ಆಗದಿದ್ದರೆ ತೋಟದೊಳಗಾದರೂ ಓಡಿಸಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ರಸ್ತೆಗೆ ಇಳಿಯುವ ಗಾಡಿಗೆ ಈ ಕೆಲಸ ಬೇಡ. ಗುಜರಿಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಕೊಡಬೇಡಿ. ನೀವು ಬರೆದ ಎರಡು ತೊಂದರೆಗಳಿವೆಯಲ್ಲ, ಭಾರದ ಸ್ಟೇರಿಂಗ್ ಮತ್ತು ಎಡಕ್ಕೆ ಎಳೆಯುವ ಬ್ರೇಕ್, ಅವೆರಡಕ್ಕೂ ಚಾಸಿ ಕಾರಣ ಆಗಿರುವ ಸಾಧ್ಯತೆ ತೀರಾ ಕಮ್ಮಿ. ಚಾಸಿಯ ತುಕ್ಕು ಬೇರೆಯೇ ಲೆಕ್ಕ. ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಚಾಸಿಯೇ ಬದಲಾಗಬೇಕು ಅಂತ ನಿಮಗೆ ಅನಿಸಿದೆ. ಒಂದೊಂದಾಗಿ ಬಿಡಿಸೋಣ.

ಅಮೆರಿಕದ ವಿಷಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ಆಸೆ ಹುಟ್ಟಿದ್ದು ಅಲ್ಲಿಂದ. ಶೆವ್ರೊಲೆ ಎಸ್-10 ಅಂದರೆ 1982ರ ಮಾದರಿಯಿಂದ 2004ರ ಮಾದರಿಯವರೆಗೆ ಬಂದ ಸಣ್ಣ ಪಿಕಪ್. ಅಲ್ಲಿ ಅದು ಎಲ್ಲೆಡೆ ಓಡಾಡುತ್ತಿದ್ದ ಗಾಡಿ, ಹಾಗಾಗಿ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಗಿಡ್ಡ ಡೆಕ್ಕಿನ ಮಾದರಿಗೆ ವೀಲ್‌ಬೇಸ್ 108.3 ಇಂಚು, ಉದ್ದ ಡೆಕ್ಕಿನದಕ್ಕೆ 117.9 ಇಂಚು. ಈಗ ಇನ್ನೊಂದು ಅಳತೆ ನೋಡಿ. 1947ರಿಂದ 50ರ ದಶಕದ ಮಧ್ಯದವರೆಗೆ ಬಂದ ಅದೇ ಕಂಪನಿಯ ಅರ್ಧ ಟನ್ನಿನ ಹಳೆ ಪಿಕಪ್‌ಗೆ 116 ಇಂಚು. ವ್ಯತ್ಯಾಸ ಎರಡು ಇಂಚೂ ಇಲ್ಲ! ಅವರು ಆ ಜೋಡಿಯನ್ನು ಆರಿಸಿಕೊಂಡದ್ದು ಅದಕ್ಕೇ. ಉದ್ದದಲ್ಲಿ ರೈಲ್ (ಚಾಸಿಯ ಎರಡು ಬದಿಯ ಉದ್ದ ಕಬ್ಬಿಣ) ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಹಿಂದಿನ ಚಕ್ರ ಚಕ್ರದ ಕಮಾನಿನೊಳಗೇ ಬಂದು ಕೂರುತ್ತದೆ. ಎರಡು ಚಕ್ರದ ಡ್ರೈವ್ ಇರುವ ಎಸ್-10ಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಡಿಸ್ಕ್ ಬ್ರೇಕ್. ಅದರ 4.3 ಲೀಟರ್ ವಿ6 ಎಂಜಿನ್ ಅದೇ ಕಂಪನಿಯ ವಿ8 ಎಂಜಿನ್‌ನ ಸಂಬಂಧಿ. ಹಾಗಾಗಿ ಎಂಜಿನ್ ಬದಲಾಯಿಸುವವರಿಗೂ ಕೆಲಸ ಹಗುರ. ಇಷ್ಟೆಲ್ಲ ಅನುಕೂಲ ಇದ್ದರೂ ಅಲ್ಲಿಯವರು ಸುಮ್ನೆ ಬಾಡಿ ಎತ್ತಿ ಇಡುವುದಿಲ್ಲ. ಕ್ಯಾಬ್ ಕೂರುವ ಬ್ರಾಕೆಟ್‌ಗಳನ್ನೆಲ್ಲ ಹೊಸದಾಗಿ ಮಾಡಬೇಕು. ಎಸ್-10 ಅಗಲದಲ್ಲಿ ಸಣ್ಣದು, ಚಕ್ರ ಒಳಗೆ ಸೇರಿಕೊಳ್ಳುತ್ತದೆ, ಅದಕ್ಕೆ ಸ್ಪೇಸರ್ ಹಾಕಬೇಕು. ಹತ್ತು ನಿಮಿಷದ ವಿಡಿಯೋದ ಹಿಂದೆ ಎಷ್ಟೋ ತಿಂಗಳ ಭಾನುವಾರಗಳಿವೆ.

ನಿಮ್ಮ ಜೀಪಿಗೆ ಬನ್ನಿ. ಸಿಜೆ-3ಬಿಯ ವೀಲ್‌ಬೇಸ್ 80 ಇಂಚು, ಅಂದರೆ 2032 ಮಿ.ಮೀ. ನೀವು ಅಳೆದ ಪಿಕಪ್ 3 ಮೀಟರ್ ಹತ್ತಿರ. ಹೆಚ್ಚುಕಮ್ಮಿ ಒಂದು ಮೀಟರ್ ಚಾಸಿಯನ್ನು ನಡುವಿನಿಂದ ಕತ್ತರಿಸಿ ತೆಗೆಯಬೇಕು. ಅಮೆರಿಕದವರಿಗೆ ಎರಡು ಇಂಚು, ನಿಮಗೆ ಮೂರು ಅಡಿ. ಇದು ಅದೇ ಕೆಲಸ ಅಲ್ಲವೇ ಅಲ್ಲ. ಚಕ್ರದಿಂದ ಚಕ್ರಕ್ಕೆ ಅಡ್ಡ ಅಳತೆಯೂ ಹೊಂದುವುದಿಲ್ಲ. ನಿಮ್ಮ ಜೀಪಿಗೆ ಸುಮಾರು 48 ಇಂಚು. ಪಿಕಪ್ ಅದಕ್ಕಿಂತ ಅಗಲ, ಚಕ್ರಗಳು ಮಡ್‌ಗಾರ್ಡ್ ದಾಟಿ ಹೊರಗೆ ನಿಲ್ಲುತ್ತವೆ. ಮತ್ತೆ ಒಂದು ಮಾತನ್ನು ನೀವು ಪ್ರಶ್ನೆಯಲ್ಲಿ ಬರೆದೇ ಇಲ್ಲ. ನಿಮ್ಮ ಜೀಪ್ ಫೋರ್ ವೀಲ್ ಡ್ರೈವ್. ಆ ಪಿಕಪ್ ಹಿಂದಿನ ಚಕ್ರದಲ್ಲಿ ಮಾತ್ರ ಓಡುವುದಾದರೆ ಮುಂದಿನ ಚಕ್ರಗಳನ್ನು ತಿರುಗಿಸುವ ಹೌಸಿಂಗ್ ಇಲ್ಲ, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇಲ್ಲ. ಆಷಾಢದ ಮಳೆಯಲ್ಲಿ ತೋಟದ ಕೆಸರು ದಾರಿ ಹತ್ತುವ ಆ ಶಕ್ತಿಯನ್ನೇ ಕಳೆದುಕೊಂಡು ಪವರ್ ಸ್ಟೇರಿಂಗ್ ಪಡೆದ ಹಾಗಾಯಿತು.

ಈಗ ನಂಬರಿನ ವಿಷಯ. ಇಲ್ಲಿ ಸ್ವಲ್ಪ ಖಡಕ್ಕಾಗಿ ಹೇಳಬೇಕಾಗುತ್ತದೆ.

ನಮ್ಮ ಊರಲ್ಲಿ ಮನೆಗೆ ಪಂಚಾಂಗ, ಅಂದರೆ ಅಡಿಪಾಯ, ಹಾಕುತ್ತೇವೆ ಅಲ್ವಾ, ಗಾಡಿಗೆ ಚಾಸಿಯೂ ಹಾಗೇ. ಹೆಂಚು ಬದಲಾಗಬಹುದು, ಬಾಗಿಲು ಬದಲಾಗಬಹುದು. ಪಂಚಾಂಗ ಬೇರೆ ಆದರೆ ಅದು ಬೇರೆ ಮನೆ. ಕಾನೂನೂ ಹಾಗೇ ನೋಡುತ್ತದೆ. ಚಾಸಿ ನಂಬರ್ ಯಾವುದೋ ಗಾಡಿ ಅದು. ಪಿಕಪ್‌ನ ಚಾಸಿ ಮೇಲೆ ನಿಮ್ಮ ಅಜ್ಜನ ಜೀಪಿನ ಬಾಡಿ ಇಟ್ಟರೆ ಅದು ನಿಮ್ಮ ಅಜ್ಜನ ಜೀಪ್ ಆಗಿ ಉಳಿಯುವುದಿಲ್ಲ, ಬಾಡಿ ಬದಲಾದ ಪಿಕಪ್ ಆಗುತ್ತದೆ. ಅದೂ ಹಳದಿ ಬೋರ್ಡಿನ ಸರಕು ಗಾಡಿ. ಅದಕ್ಕೆ ತೆರಿಗೆ ಬೇರೆ, ಎಫ್‌ಸಿ ಬೇರೆ, ಇನ್ಶೂರೆನ್ಸ್ ಬೇರೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದನ್ನು ನೇರವಾಗಿ ತಡೆಯುತ್ತದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೇರಿತು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಪ್ರತಿ ಬದಲಾವಣೆಗೆ ಅನ್ನುವ ಮಾತನ್ನು ಗಮನಿಸಿ.

ಇನ್ನು ಆ ‘ನಂಬರ್ ತುಂಡು’. ಹೇಳಿದವರು ನಿಮ್ಮ ಒಳ್ಳೆಯದಕ್ಕೇ ಹೇಳಿರಬಹುದು, ಆದರೆ ಅದು ದೊಡ್ಡ ತಪ್ಪು. ಕದ್ದ ಗಾಡಿಗಳನ್ನು ಮಾರುವವರು ಮಾಡುವ ಕೆಲಸವೂ ಅದೇ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಗಾಡಿ ಹಿಡಿದವರಿಗೆ ಗೊತ್ತಾಗುವುದಿಲ್ಲ. ನಂಬರಿನ ಸುತ್ತ ವೆಲ್ಡಿಂಗ್ ಗೆರೆ ಕಂಡರೆ ಸಾಕು. ಎಷ್ಟು ಚೆನ್ನಾಗಿ ಗ್ರೈಂಡ್ ಮಾಡಿ ಬಣ್ಣ ಬಳಿದರೂ ಬಣ್ಣ ಕೆರೆದಾಗ ಆ ಗೆರೆ ಸಿಗುತ್ತದೆ. ನಾಳೆ ಒಂದು ಅಪಘಾತವಾಗಿ ಯಾರಿಗಾದರೂ ಪೆಟ್ಟಾಯಿತು ಅಂದುಕೊಳ್ಳಿ. ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದೇ ಚಾಸಿ ನಂಬರ್. ಆಗ ಇನ್ಶೂರೆನ್ಸ್ ಕೈಬಿಟ್ಟರೆ ಆ ಭಾರ ನಿಮ್ಮ ಮನೆಯ ಮೇಲೆ ಬರುತ್ತದೆ. ಗುಜರಿ ಚಾಸಿಯಲ್ಲಿ ಇನ್ನೊಂದು ಅಪಾಯವೂ ಇದೆ. ಆ ಪಿಕಪ್‌ನ ಆರ್‌ಸಿ ರದ್ದಾಗಿದೆಯೋ, ಅದರ ಮೇಲೆ ಸಾಲ ಇದೆಯೋ, ಕೇಸಿನಲ್ಲಿ ಇರುವ ಗಾಡಿಯೋ, ಯಾವುದೂ ತುಂಡು ಕಬ್ಬಿಣ ನೋಡಿ ತಿಳಿಯುವುದಿಲ್ಲ.

ನಿಮ್ಮ ಜೀಪಿಗೆ ಇನ್ನೂ ಒಂದು ನಷ್ಟ ಇದೆ. ಅದನ್ನು ಹೇಳದೆ ಬಿಟ್ಟರೆ ನನಗೇ ಸಮಾಧಾನ ಆಗುವುದಿಲ್ಲ. 1972ರ ಗಾಡಿ ಅಂದರೆ 50 ವರ್ಷ ದಾಟಿತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿದೆ. 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಆ ಮಾನ್ಯತೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆಗಲೇ ರಿಜಿಸ್ಟರ್ ಆದ ಗಾಡಿಗೆ ಹಳೆ ನಂಬರ್ ಉಳಿಸಿಕೊಳ್ಳುವ ಅವಕಾಶವೂ ಇದೆ. ನಿಮ್ಮದು 1972ರದ್ದು. ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಇಲ್ಲೇ ರಿಜಿಸ್ಟರ್ ಆಗಿದ್ದರೆ ನಿಮ್ಮ ನಂಬರ್ ಮೈಸೂರು ರಾಜ್ಯದ ಎಂವೈ ಅಕ್ಷರಗಳಿಂದ ಶುರುವಾಗಿರುತ್ತದೆ. ಅಂಥ ಪ್ಲೇಟ್ ಇರುವ, ಒರಿಜಿನಲ್ ಚಾಸಿಯ ಜೀಪ್ ಇನ್ನು ಹೊಸದಾಗಿ ಹುಟ್ಟುವುದಿಲ್ಲ ಮಾರಾಯ್ರೆ. ವಿಂಟೇಜ್ ಮಾಡಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಮಾತ್ರ. ಹಾಗಾಗಿ ಈಗಲೇ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಆ ಬಾಗಿಲನ್ನು ಗ್ಯಾಸ್ ಕಟರ್ ಹಿಡಿದು ಮುಚ್ಚಬೇಡಿ ಅಂತ ಹೇಳುತ್ತಿದ್ದೇನೆ.

ತೋಟದೊಳಗೆ ಮಾತ್ರ ಓಡಿಸುವ ಪ್ರಶ್ನೆ. ಸ್ವಂತ ಜಾಗದೊಳಗೇ ಇದ್ದು ಸಾರ್ವಜನಿಕ ರಸ್ತೆಗೆ ಒಂದು ಸಲವೂ ಬಾರದಿದ್ದರೆ ರಿಜಿಸ್ಟ್ರೇಶನ್ ತಕರಾರು ಇಲ್ಲ ಅಂತ ತಿಳಿಯಬೇಡಿ, ರಿಜಿಸ್ಟರ್ ಆಗದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಮಾತ್ರವಲ್ಲ, ‘ಬೇರೆ ಯಾವುದೇ ಜಾಗದಲ್ಲಿ’ ಓಡಿಸಬಾರದು ಅಂತ ಕಾಯ್ದೆ ಹೇಳುತ್ತದೆ. ಅದಲ್ಲದೆ ಅಡಿಕೆ ಗೋಣಿ ಹೇರಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಚಾಸಿ ಮುರಿದರೆ ತೋಟ, ರಸ್ತೆ ಅಂತ ಭೇದ ಇರುವುದಿಲ್ಲ. ಹಾಗಾಗಿ ಈ ಕೆಲಸದ ಒಳಗೆ ಏನಿದೆ ಅಂತ ತಿಳಿದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಹೆಬ್ರಿ ಕಡೆಯಿಂದ ಇಂಥದೇ ಒಂದು ಜೀಪ್ ನನ್ನಲ್ಲಿಗೆ ಬಂತು. ಪಿಕಪ್ ಚಾಸಿ, ಗಿಡ್ಡ ಮಾಡಿದ್ದು, ಮೇಲೆ ಜೀಪಿನ ಬಾಡಿ. ಬಣ್ಣ ಹೊಳೆಯುತ್ತಿತ್ತು. ‘ಶಾಫ್ಟ್ ಸದ್ದು ಮಾಡ್ತದೆ, ಸ್ವಲ್ಪ ನೋಡಿ’ ಅಂದರು. ಅಡಿಗೆ ಹೋಗಿ ಟಾರ್ಚ್ ಬಿಟ್ಟೆ. ಬಲಬದಿಯ ರೈಲಿನಲ್ಲಿ ಜಾಯಿಂಟ್ ಮಾಡಿದ ಜಾಗದ ಪಕ್ಕ ಬಣ್ಣದ ಮೇಲೆ ಒಂದು ಕೆಂಪು ಗೆರೆ ಇತ್ತು, ಕೂದಲಿನಷ್ಟು ಸಣ್ಣದು. ಬಣ್ಣ ಬಿರುಕು ಬಿಟ್ಟದ್ದೋ, ಕಬ್ಬಿಣವೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅಲ್ಲಿ ಬಣ್ಣ ತೆಗೆದು ಸೀಮೆಎಣ್ಣೆ ಹಚ್ಚಿದೆ. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿದೆ. ಮೇಲೆ ಶಾಲೆಯ ಸೀಮೆಸುಣ್ಣ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಬಿಳಿ ಸುಣ್ಣದ ಮೇಲೆ ಒದ್ದೆ ಗೆರೆ ಎದ್ದು ಬಂತು. ಒಳಗೆ ಇಳಿದಿದ್ದ ಸೀಮೆಎಣ್ಣೆಯನ್ನು ಸುಣ್ಣ ಹೀರಿ ತೋರಿಸಿತು. ಗೆರೆ ಕೆಳಗಿನ ಅಂಚಿನಿಂದ ಶುರುವಾಗಿ ಮೂರು ಬೆರಳು ಮೇಲಕ್ಕೆ ಹತ್ತಿತ್ತು. ಮನೆಯವರೆಲ್ಲ ಅದೇ ಗಾಡಿಯಲ್ಲಿ ಆಗುಂಬೆ ಹತ್ತಿ ಇಳಿದಿದ್ದರು. ಅವರ ಮುಖ ಬಿಳಿಚಿದ್ದು ಈಗಲೂ ನೆನಪಿದೆ.

ತಪ್ಪಾದದ್ದು ಎಲ್ಲಿ ಅಂದರೆ, ರೈಲನ್ನು ನೇರವಾಗಿ ಮೇಲಿಂದ ಕೆಳಗೆ ಕತ್ತರಿಸಿ ಅಂಚಿಗೆ ಅಂಚು ಹಚ್ಚಿ ವೆಲ್ಡ್ ಮಾಡಿದ್ದರು. ಗಾಡಿ ಹೊಂಡಕ್ಕೆ ಬಿದ್ದು ಎದ್ದಾಗಲೆಲ್ಲ ಚಾಸಿ ಬಗ್ಗುತ್ತದೆ. ಬಗ್ಗುವಾಗ ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಎಳೆತ ಜಾಸ್ತಿ. ವೆಲ್ಡಿಂಗ್ ಬಿಸಿಗೆ ಗುಣ ಬದಲಾದ ಕಬ್ಬಿಣ ಅದೇ ಗೆರೆಯಲ್ಲಿ ಇದ್ದರೆ ಬಿರುಕಿಗೆ ದಾರಿ ತೆರೆದ ಹಾಗೆ. ಜಾಯಿಂಟ್ ಓರೆಯಾಗಿ ಅಥವಾ ಮೆಟ್ಟಿಲಿನ ಹಾಗೆ ಇರಬೇಕು. ಆಗ ಇಡೀ ಭಾರ ಒಂದೇ ಗೆರೆ ಮೇಲೆ ಬೀಳುವುದಿಲ್ಲ. ಅದರ ಮೇಲೆ ವಜ್ರಾಕಾರದ ಪ್ಲೇಟ್ ಇಟ್ಟು ಓರೆ ಅಂಚುಗಳಲ್ಲಿ ವೆಲ್ಡ್ ಮಾಡಬೇಕು. ಚೌಕ ಪ್ಲೇಟ್ ಇಟ್ಟರೆ ಅದರ ನೆಟ್ಟನೆಯ ಅಂಚೇ ಹೊಸ ಬಿರುಕಿನ ಜಾಗ ಆಗುತ್ತದೆ. ಮೇಲಿನ, ಕೆಳಗಿನ ಅಂಚುಗಳಿಗೆ ತೂತು ಕೊರೆಯಬಾರದು. ತೂತು ಬೇಕಾದರೆ ರೈಲಿನ ನಿಂತ ಭಾಗದಲ್ಲಿ ಮಾತ್ರ.

ಶಾಫ್ಟಿನ ಸದ್ದಿಗೂ ಕಾರಣ ಇತ್ತು. ಚಾಸಿ ಗಿಡ್ಡವಾದರೆ, ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟೂ ಗಿಡ್ಡ ಆಗಬೇಕು. ಲೇತಿನಲ್ಲಿ ಕತ್ತರಿಸಿ ಜೋಡಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸಬೇಕು. ಎರಡು ತುದಿಯ ಯುಜೆ ಕ್ರಾಸ್‌ಗಳ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲುಗಳ) ಕೋನ ಸರಿಸಮ ಇರಬೇಕು, ಅವನ್ನು ಹಿಡಿದ ಎರಡೂ ಯೋಕ್ ಒಂದೇ ಸಾಲಿನಲ್ಲಿ ಕೂರಬೇಕು. ಶಾಫ್ಟ್ ಗಿಡ್ಡವಾದಷ್ಟೂ ಕೋನ ಕಡಿದಾಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ.

ಭಾರದ ಲೆಕ್ಕವೂ ಇದೆ. ಪಿಕಪ್‌ನ ಹಿಂದಿನ ಲೀಫ್ ಸ್ಪ್ರಿಂಗ್ ಮಾಡಿರುವುದು ಟನ್‌ಗಟ್ಟಲೆ ಲೋಡ್ ಹೊರಲು. ನಿಮ್ಮ ಇಡೀ ಜೀಪೇ ಸುಮಾರು ಒಂದು ಟನ್. ಆ ಸ್ಪ್ರಿಂಗ್ ಅಲ್ಲಾಡುವುದೇ ಇಲ್ಲ, ಗಾಡಿ ಕುಪ್ಪಳಿಸುತ್ತದೆ, ಒದ್ದೆ ನೆಲದಲ್ಲಿ ಹಿಂದಿನ ಚಕ್ರ ಜಾರುತ್ತದೆ. ಸ್ಪ್ರಿಂಗಿನ ಪಟ್ಟಾ (ಲೀಫ್) ತೆಗೆದು ಹಗುರ ಮಾಡಬೇಕು. ತುಂಬಾ ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಲಿವರ್ ಇರುತ್ತದೆ. ಲೋಡ್ ಎಷ್ಟಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಪ್ರೆಶರ್ ಹೋಗಬೇಕು ಅಂತ ಅದು ನಿಗದಿ ಮಾಡುತ್ತದೆ. ಸ್ಪ್ರಿಂಗ್ ಮುಟ್ಟಿದವರು ಆ ಲಿವರ್ ಸೆಟ್ ಮಾಡುವುದನ್ನು ಮರೆಯುತ್ತಾರೆ. ಆಮೇಲೆ ಬ್ರೇಕ್ ಸರಿ ಇಲ್ಲ ಅಂತ ಬರುತ್ತಾರೆ. ಸ್ಟೇರಿಂಗ್ ರಾಡು, ಪೆಡಲ್, ರೇಡಿಯೇಟರ್, ಟ್ಯಾಂಕ್ ಇವೆಲ್ಲ ಮತ್ತೆ ಹೊಸದಾಗಿ ಕೂರಿಸುವ ಕೆಲಸ. ಇಷ್ಟು ಮಾಡುವ ದುಡ್ಡಿಗೆ, ದಿನಕ್ಕೆ, ನಿಮ್ಮ ಚಾಸಿಯನ್ನೇ ಹೊಸದರ ಹಾಗೆ ಮಾಡಬಹುದು. ತೋಟಕ್ಕೂ ನನ್ನ ಉತ್ತರ ಬೇಡ ಅಂತಲೇ.

ಅಂಬಾಸಿಡರ್ ಇಟ್ಟುಕೊಂಡವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಒಂದೇ ಮಾತು: ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಅದರ ನೆಲ ಕತ್ತರಿಸಿದರೆ ಗಾಡಿಯ ಬೆನ್ನುಮೂಳೆ ತೆಗೆದ ಹಾಗೆ.

ಸರಿ, ಈಗ ನಿಮ್ಮ ಚಾಸಿ ಎಷ್ಟು ಹಾಳಾಗಿದೆ ಅಂತ ನೋಡೋಣ. ‘ತುಕ್ಕು ಹಿಡಿದಿದೆ’ ಅನ್ನುವ ಮಾತಿನಿಂದ ನನಗೆ ಏನೂ ತಿಳಿಯುವುದಿಲ್ಲ. ಕಾಪುವಿನಲ್ಲಿ ಸಮುದ್ರದ ಗಾಳಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಅಲ್ಲಿ ತುಕ್ಕು ಇಲ್ಲದ ಚಾಸಿ ಇದ್ದರೆ ಆಶ್ಚರ್ಯ. ಮೇಲಿನ ತುಕ್ಕಿಗೂ ಒಳಗೆ ತಿಂದ ತುಕ್ಕಿಗೂ ವ್ಯತ್ಯಾಸ ಗೊತ್ತಾಗಬೇಕು.

ಒಂದು ಸಣ್ಣ ಸುತ್ತಿಗೆ ತೆಗೆದುಕೊಳ್ಳಿ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಬೇಡಿ. ರೈಲಿನ ಮೇಲೆ ಅಂಗೈ ಅಗಲಕ್ಕೆ ಒಂದು ಪೆಟ್ಟಿನಂತೆ ಮೆಲ್ಲ ಬಡಿಯುತ್ತಾ ಹೋಗಿ. ಒಳ್ಳೆ ಕಬ್ಬಿಣ ‘ಠಣ್’ ಅನ್ನುತ್ತದೆ, ಸುತ್ತಿಗೆ ಕೈಗೆ ಪುಟಿಯುತ್ತದೆ. ತಿಂದ ಜಾಗದಲ್ಲಿ ‘ದಪ್’ ಅಂತ ಸತ್ತ ಸದ್ದು ಬರುತ್ತದೆ, ಪುಟಿತ ಇರುವುದಿಲ್ಲ, ಕೆಂಪು ಚಕ್ಕೆ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸ್ಪ್ರಿಂಗ್ ಶ್ಯಾಕಲ್ ಹಿಡಿದ ಬ್ರಾಕೆಟ್‌ಗಳ ಸುತ್ತ, ಹಿಂದಿನ ಕೊನೆಯ ಕ್ರಾಸ್ ಮೆಂಬರ್ (ಎರಡು ರೈಲುಗಳನ್ನು ಜೋಡಿಸುವ ಅಡ್ಡ ಕಬ್ಬಿಣ), ಮುಂದಿನ ಬಂಪರ್ ಹಿಂದೆ ಪ್ಲೇಟ್ ಹಚ್ಚಿ ಡಬ್ಬಿ ಮಾಡಿದ ಭಾಗ, ಈ ಮೂರು ಕಡೆ ಜಾಸ್ತಿ ಹೊತ್ತು ಕೊಡಿ. ಡಬ್ಬಿಯಂಥ ಜಾಗದಲ್ಲಿ ಕೆಸರು ಕೂತು ಒಳಗಿಂದ ತಿನ್ನುತ್ತದೆ. ಹೊರಗೆ ನೋಡಿದರೆ ಚೆನ್ನಾಗಿರುತ್ತದೆ, ಒಳಗೆ ನೀರುದೋಸೆಯಷ್ಟು ತೆಳ್ಳಗಾಗಿರುತ್ತದೆ. ಹಾಳಾದ ಜಾಗಕ್ಕೆಲ್ಲ ಚಾಕ್‌ನಲ್ಲಿ ಗುರುತು ಹಾಕಿ ಫೋಟೋ ತೆಗೆಯಿರಿ. ಅಂದ ಹಾಗೆ, ಗುಜರಿಯ ಆ ಪಿಕಪ್‌ಗೆ ಸುತ್ತಿಗೆ ಹಾಕಿ ನೋಡಿದ್ದೀರಾ? ಮಲ್ಪೆ ಬಂದರಿನಿಂದ ಮೀನು ಹೊತ್ತ ಗಾಡಿಯಾಗಿದ್ದರೆ ವರ್ಷಗಟ್ಟಲೆ ಐಸಿನ ಉಪ್ಪುನೀರು ಅದರ ಚಾಸಿ ಮೇಲೆ ಇಳಿದಿರುತ್ತದೆ. ಐವತ್ತು ವರ್ಷದ ನಿಮ್ಮ ಜೀಪಿಗಿಂತ ಅದೇ ಜಾಸ್ತಿ ಕೊಳೆತಿರಬಹುದು.

ಮುಂದಿನದು ಚಾಸಿ ನೇರ ಇದೆಯೇ ಅನ್ನುವ ಪರೀಕ್ಷೆ. ಗಾರೆಯವರ ತೂಗುಗುಂಡು ಸಾಕು. ಸಮತಟ್ಟು ಸಿಮೆಂಟ್ ನೆಲದಲ್ಲಿ ಗಾಡಿ ನಿಲ್ಲಿಸಿ, ಎರಡೂ ಬದಿಯ ಸ್ಪ್ರಿಂಗ್ ಬ್ರಾಕೆಟ್‌ಗಳಿಂದ ಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆಯಿರಿ. ಎರಡೂ ಕರ್ಣಗಳ ವ್ಯತ್ಯಾಸ 5 ಮಿ.ಮೀ. ಒಳಗಿದ್ದರೆ ನನಗೆ ಚಿಂತೆ ಇಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಯಾವಾಗಲೋ ಪೆಟ್ಟು ಬಿದ್ದಿದೆ, ಮೊದಲು ಅದನ್ನು ನೇರ ಮಾಡಿಸಬೇಕು.

ಸ್ಟೇರಿಂಗ್ ವಿಷಯ. ನಿಮ್ಮ ಜೀಪಿನಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಬಂದ ರಾಡ್ ನೇರ ಚಕ್ರಕ್ಕೆ ಹೋಗುವುದಿಲ್ಲ. ಮುಂದಿನ ಕ್ರಾಸ್ ಮೆಂಬರ್ ಮೇಲೆ ಒಂದು ಪಿನ್ನಿಗೆ ಸಿಕ್ಕಿ ತಿರುಗುವ ಲಿವರ್, ಅಂದರೆ ಬೆಲ್ ಕ್ರ್ಯಾಂಕ್ ಇದೆ, ಅಲ್ಲಿಂದ ಎರಡು ಟೈ ರಾಡ್ ಎರಡು ಚಕ್ರಕ್ಕೆ. ಆ ಪಿನ್ನಿನ ಬೇರಿಂಗ್‌ಗೆ ಗ್ರೀಸ್ ಹೋಗದೆ ಒಣಗಿ ಹೋಗಿರುತ್ತದೆ. ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್ ಬೇರಿಂಗ್‌ಗಳೂ ಹಾಗೇ. ಮುಂದಿನ ಎರಡೂ ಚಕ್ರ ಎತ್ತಿ, ಟೈ ರಾಡ್ ಬಿಚ್ಚಿ, ಒಂದೊಂದು ಚಕ್ರವನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಅಂದಾಜು ಬೇಡ ಅಂದರೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟೈ ರಾಡ್ ತೂತಿಗೆ ಸಿಕ್ಕಿಸಿ ಎಳೆಯಿರಿ. ಎರಡು ಬದಿಗೂ ಒಂದೇ ತೂಕ ತೋರಿಸಬೇಕು. ಒಂದು ಬದಿ ಬಿಗಿ ಇದ್ದರೆ ಕಾರಣ ಅಲ್ಲೇ ಸಿಕ್ಕಿತು. ಮತ್ತೆ ಟೈರ್ ನೋಡಿ. ಈ ಜೀಪಿಗೆ ಮೂಲದಲ್ಲಿ ಬಂದದ್ದು 6.00-16, ಸಪೂರ ಟೈರ್. ಚೆಂದಕ್ಕೆ ಅಂತ ಅಗಲದ್ದು ಹಾಕಿದ್ದರೆ ಸ್ಟೇರಿಂಗ್ ಭಾರ ಆಗಿಯೇ ಆಗುತ್ತದೆ.

ಬ್ರೇಕ್ ಎಡಕ್ಕೆ ಎಳೆದರೆ ಎಲ್ಲರೂ ಎಡ ಚಕ್ರ ಬಿಚ್ಚುತ್ತಾರೆ. ನೀವು ಬಲ ಚಕ್ರ ಬಿಚ್ಚಿ. ಎಡ ಚಕ್ರ ತನ್ನ ಕೆಲಸ ಮಾಡುತ್ತಿದೆ, ಬಲದ್ದು ಮಾಡುತ್ತಿಲ್ಲ, ಅದಕ್ಕೇ ಗಾಡಿ ಎಡಕ್ಕೆ ತಿರುಗುತ್ತದೆ. ಹೆಚ್ಚಾಗಿ ವೀಲ್ ಸಿಲಿಂಡರ್ ಜಾಮ್ ಆಗಿರುತ್ತದೆ, ಇಲ್ಲವೇ ಸೀಲ್ ಹೋಗಿ ಎಣ್ಣೆ ಬ್ರೇಕ್ ಶೂ ಮೇಲೆ ಬಂದಿರುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಬಿಸಿಯಾದಾಗ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಹೊಸ ಲೈನಿಂಗ್ ಹಾಕಿಸಿ, ಎರಡೂ ಬದಿಗೆ ಒಟ್ಟಿಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ಇನ್ನೂ ಬೇಗ. ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಾಯಿಸಿ. ಈ ಜೀಪಿನ ಬ್ರೇಕ್ ಲೈನ್ ನಾಲ್ಕು ಚಕ್ರಕ್ಕೂ ಒಂದೇ, ಎಲ್ಲಿ ಲೀಕ್ ಆದರೂ ಎಲ್ಲ ಬ್ರೇಕೂ ಹೋಯಿತು. ಹಾಗಾಗಿ ಟ್ರಾನ್ಸ್‌ಫರ್ ಕೇಸ್ ಹಿಂದೆ ಶಾಫ್ಟಿನ ಮೇಲಿರುವ ಹ್ಯಾಂಡ್ ಬ್ರೇಕನ್ನು ಯಾವತ್ತೂ ಸರಿಯಾಗಿ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಚಾಸಿ ರಿಪೇರಿ. ಬಾಡಿ ಎತ್ತಿ, ಚಾಸಿ ಖಾಲಿ ಮಾಡಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ. ಆಗ ಕಬ್ಬಿಣ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಕೊಳೆತ ಭಾಗವನ್ನು ಒಳ್ಳೆ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಪ್ಲೇಟ್ ಹಾಕಿಸಿ. ಜಾಸ್ತಿ ದಪ್ಪ ಹಾಕಿದರೆ ಗಟ್ಟಿ ಅನ್ನುವುದು ತಪ್ಪು ಲೆಕ್ಕ, ದಪ್ಪದ ಪಕ್ಕದಲ್ಲೇ ತೆಳು ಭಾಗ ಬಿರುಕು ಬಿಡುತ್ತದೆ. ಕತ್ತರಿಸುವ ಮೊದಲು ಅಡ್ಡಕ್ಕೆ ಆಂಗಲ್ ಕಬ್ಬಿಣ ಕಟ್ಟಿ ಅಳತೆ ತಪ್ಪದ ಹಾಗೆ ಹಿಡಿದಿಡಬೇಕು. ವೆಲ್ಡಿಂಗ್ ಆದ ಮೇಲೆ ಮತ್ತೊಮ್ಮೆ ತೂಗುಗುಂಡು. ಚಾಸಿ ನಂಬರ್ ಇರುವ ಜಾಗವನ್ನು ಟೇಪ್ ಹಾಕಿ ಮುಚ್ಚಿ, ಅಲ್ಲಿ ಬ್ಲಾಸ್ಟಿಂಗೂ ಬೇಡ, ಗ್ರೈಂಡರೂ ಬೇಡ. ಕೆಲಸಕ್ಕೆ ಮೊದಲು ಆ ನಂಬರಿನ ಸ್ಪಷ್ಟ ಫೋಟೋ ಇಟ್ಟುಕೊಳ್ಳಿ.

ಬಣ್ಣ ಅಂದರೆ ರೆಡ್ ಆಕ್ಸೈಡ್ ಒಂದೇ ಸಾಲದು. ಸಮುದ್ರದ ಬದಿಗೆ ಝಿಂಕ್ ಪ್ರೈಮರ್, ಮೇಲೆ ಎರಡು ಕೋಟ್ ಎಪಾಕ್ಸಿ, ಡಬ್ಬಿ ಭಾಗದ ಒಳಗೆ ತುಕ್ಕು ತಡೆಯುವ ವ್ಯಾಕ್ಸ್. ನೀರು ಇಳಿದು ಹೋಗುವ ತೂತುಗಳು ಮುಚ್ಚಿದ್ದರೆ ತೆರೆಯಿರಿ. ಮಳೆಗಾಲಕ್ಕೆ ಹಳೆ ಎಂಜಿನ್ ಆಯಿಲ್ ಸ್ಪ್ರೇ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ನನಗೆ ಅದು ಇಷ್ಟ ಇಲ್ಲ. ಆಯಿಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಧೂಳು ಹಿಡಿದು ಅದರಡಿ ತೇವ ನಿಲ್ಲುತ್ತದೆ, ಬ್ರೇಕಿಗೂ ಹಾರುತ್ತದೆ.

ಸುತ್ತಿಗೆ ಪರೀಕ್ಷೆಯಲ್ಲಿ ಚಾಸಿಯ ಅರ್ಧದಷ್ಟು ಸತ್ತ ಸದ್ದು ಮಾಡಿದರೆ ಮಾತ್ರ ಬದಲಿ ಚಾಸಿಯ ಯೋಚನೆ. ಆಗಲೂ ಅದೇ ಕಂಪನಿಯ, ಅದೇ ಮಾದರಿಯ ಚಾಸಿಯೇ ಆಗಬೇಕು. ಬಿಲ್ ಇರಬೇಕು. ಮುಖ್ಯವಾಗಿ, ಕೆಲಸಕ್ಕೆ ಕೈ ಹಾಕುವ ಮೊದಲೇ ಉಡುಪಿ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು, ಫೋಟೋ ತೋರಿಸಿ, ಮೋಟಾರು ವಾಹನ ಇನ್‌ಸ್ಪೆಕ್ಟರ್‌ರನ್ನು ಕಂಡು ಮಾತಾಡಿ. ಅನುಮತಿ ಬರಹದಲ್ಲಿ ಕೈಗೆ ಬಂದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಬಾಯಿಮಾತಿನ ‘ಆಯ್ತು ಮಾಡಿ’ ಸಾಲದು.

ನೀವು ಮೊದಲು ಮಾಡಬೇಕಾದದ್ದು ಸುತ್ತಿಗೆ ಕೆಲಸ ಮತ್ತು ಬಲ ಚಕ್ರ ಬಿಚ್ಚುವುದು. ಎರಡೂ ಒಂದು ಭಾನುವಾರದೊಳಗೆ ಮುಗಿಯುತ್ತದೆ. ಚಾಕ್ ಗುರುತಿನ ಫೋಟೋಗಳನ್ನು ಕರ್ಣದ ಎರಡು ಅಳತೆಗಳ ಜೊತೆ ಕಳಿಸಿ. ಎಲ್ಲೆಲ್ಲಿ ಕತ್ತರಿಸಬೇಕು, ಎಲ್ಲಿ ಬರೀ ಬಣ್ಣ ಸಾಕು ಅಂತ ಗುರುತಿಸಿ ಹೇಳುತ್ತೇನೆ.